ಶುಶ್ರೂಷೆಯ ಕಾಯಕಕ್ಕೆ ಸಿದ್ಧತೆ



‘ಶುಶ್ರೂಷೆ’ ಎಂಬ ಪದವನ್ನು ನಾವು ದಿನನಿತ್ಯವೂ ಬಳಸುತ್ತೇವೆ. ರೋಗಿಯ ಸೇವೆ, ವೃದ್ಧರ ಸೇವೆ, ಗುರುಹಿರಿಯರ ಸೇವೆ ಎಂಬುದೇ ಅದರ ಅರ್ಥವೆಂದು ಎಲ್ಲರೂ ಬಲ್ಲರು. ಆದರೆ ಶಬ್ದದ ಮೂಲವನ್ನು ವಿಚಾರಿಸಿದರೆ ಬೇರೊಂದು ಅರ್ಥವು ಮೊದಲು ಕಾಣುತ್ತದೆ. ‘ಶ್ರು’ ಎಂದರೆ ಕೇಳು. ಆ ಧಾತುವಿನ ಮೇಲೆ ಇಚ್ಛಾರ್ಥದ ಪ್ರತ್ಯಯವು ಬಂದು ‘ಶುಶ್ರೂಷಾ’ ಎಂದಾಗಿದೆ. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಗುರುವಿನ ಮಾತನ್ನು ಕೇಳಲು ಹಂಬಲಿಸುವವನು ಶಿಷ್ಯನು. ನೊಂದವನ ಮಾತನ್ನು ಕೇಳಲು ಹಂಬಲಿಸುವವನು ಸೇವಕನು. ಇವೆರಡಕ್ಕೂ ನಮ್ಮ ಹಿರಿಯರು ಒಂದೇ ಹೆಸರನ್ನಿಟ್ಟರು. ರೋಗಿಯನ್ನು ಉಪಚರಿಸಲು ಹೊರಟವನು ಮೊದಲು ವಿದ್ಯಾರ್ಥಿಯಾಗಬೇಕು, ಅನಂತರವೂ ವಿದ್ಯಾರ್ಥಿಯಾಗಿಯೇ ಉಳಿಯಬೇಕು ಎಂಬ ತತ್ತ್ವವು ಈ ಒಂದು ಶಬ್ದದಲ್ಲಿಯೇ ಅಡಗಿದೆ.

ಈ ವಿಚಾರವನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ನಮ್ಮ ಅನೇಕ ಮನೆತನಗಳ ಹೆಣ್ಣುಮಕ್ಕಳು, ಸೊಸೆಯಂದಿರು ಇಂದು ಅಮೆರಿಕ ದೇಶದಲ್ಲಿ ನೆಲೆಸಿದ್ದಾರೆ. ಇಲ್ಲಿ ಬಿ.ಎಸ್‌ಸಿ., ಎಂ.ಎಸ್‌ಸಿ. ಓದಿ, ಪತಿಯ ಸಂಗಡ ಅಲ್ಲಿಗೆ ಹೋಗಿ, ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ತಾವೂ ಒಂದು ಕಾಯಕವನ್ನು ಹಿಡಿಯಬೇಕೆಂದು ಬಯಸುವವರು ಅವರಲ್ಲಿದ್ದಾರೆ. ಅಂತಹವರಲ್ಲಿ ಕೆಲವರು ತಮ್ಮ ಊರಿನ ಕಮ್ಯೂನಿಟಿ ಕಾಲೇಜಿನಲ್ಲಿ ನರ್ಸಿಂಗ್ ವಿದ್ಯೆಯ ತ್ವರಿತ ಶಿಕ್ಷಣಕ್ರಮವನ್ನು ಸೇರಲು ಮನಸ್ಸು ಮಾಡುತ್ತಾರೆ. ಆಗ ಇಲ್ಲಿಯ ಹಿರಿಯರಿಗೆ ಎರಡು ಸಂದೇಹಗಳು ಹುಟ್ಟುತ್ತವೆ. ಅನ್ಯರ ಮಲಮೂತ್ರಗಳನ್ನು ಎತ್ತುವ ಕೆಲಸವು ನಮ್ಮ ಮನೆತನಕ್ಕೆ ಒಪ್ಪುವುದೆ? ಇದು ಮೊದಲನೆಯದು. ಒಪ್ಪಿದರೂ ಸಂಸಾರಸ್ಥೆಯಾದ ಹೆಣ್ಣುಮಗಳು ಇಷ್ಟು ಅವಸರದ ವಿದ್ಯೆಯನ್ನು ಹೇಗೆ ಪೂರೈಸಿಯಾಳು? ಇದು ಎರಡನೆಯದು. ಇವೆರಡಕ್ಕೂ ಶರಣರ ತತ್ತ್ವದ ಬೆಳಕಿನಲ್ಲಿ ಉತ್ತರವನ್ನು ಹುಡುಕೋಣ.

ಮೊದಲು ಆ ವಿದ್ಯಾಲಯದ ಸ್ವರೂಪವನ್ನು ತಿಳಿಯತಕ್ಕದ್ದು. ಅಮೆರಿಕದ ಸಾರ್ವಜನಿಕ ಕಮ್ಯೂನಿಟಿ ಕಾಲೇಜುಗಳಲ್ಲಿ ಅತ್ಯಂತ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್ ನಗರದಲ್ಲಿ 1901ರಲ್ಲಿ ಆರಂಭವಾಯಿತು. ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಉನ್ನತ ಶಿಕ್ಷಣ ಆಯೋಗವು 1947ರಲ್ಲಿ ಇಂತಹ ಕಾಲೇಜುಗಳು ದೇಶದಲ್ಲೆಲ್ಲ ಹೆಚ್ಚಬೇಕೆಂದು ಸಲಹೆಯಿತ್ತಿತು. ದುಡಿಯುವವರು, ವಯಸ್ಸಾದವರು, ಬೇರೆ ದೇಶದಿಂದ ಬಂದವರು ತಮ್ಮ ಮನೆಯಿಂದಲೇ ಹೋಗಿಬಂದು ಕಡಿಮೆ ಖರ್ಚಿನಲ್ಲಿ ಓದಬಹುದಾದ ಸ್ಥಳಗಳಿವು. ಎರಡನೆಯ ಮಹಾಯುದ್ಧದ ಕಾಲದಿಂದ ಅಲ್ಲಿ ದಾದಿಯರ ಕೊರತೆಯು ತೀವ್ರವಾಗಿತ್ತು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮೊಂಟಾಗ್ ಎಂಬ ವಿದುಷಿಯು ಎರಡು ವರ್ಷಗಳ ನರ್ಸಿಂಗ್ ಶಿಕ್ಷಣಕ್ರಮವೊಂದನ್ನು ರೂಪಿಸಿ, 1952ರಲ್ಲಿ ಇಂತಹ ಕೆಲವು ಕಾಲೇಜುಗಳಲ್ಲಿ ಪ್ರಯೋಗಕ್ಕೆ ತಂದರು. ಆ ಪ್ರಯೋಗವು ಬೇರೂರಿ, ಇಂದು ಅಲ್ಲಿಯ ಬಹುಮಂದಿ ರಿಜಿಸ್ಟರ್ಡ್ ನರ್ಸುಗಳು ಕಮ್ಯೂನಿಟಿ ಕಾಲೇಜಿನ ಬಾಗಿಲಿನಿಂದಲೇ ಆ ವೃತ್ತಿಯನ್ನು ಪ್ರವೇಶಿಸುತ್ತಿದ್ದಾರೆ.

ಬೇರೆ ಪದವಿ ಪಡೆದವರಿಗೆ, ಅಥವಾ ಆಸ್ಪತ್ರೆಯ ಕೆಳಹಂತದ ಕೆಲಸದಲ್ಲಿ ಅನುಭವವುಳ್ಳವರಿಗೆ, ಕೆಲವು ಕಾಲೇಜುಗಳು ಈ ಎರಡು ವರ್ಷದ ಪಾಠವನ್ನು ಹನ್ನೆರಡರಿಂದ ಹದಿನೆಂಟು ತಿಂಗಳೊಳಗೆ ಅಡಕಗೊಳಿಸಿ ಕಲಿಸುತ್ತವೆ. ಬೇಸಿಗೆಯ ರಜೆಯನ್ನೂ ಪಾಠಕ್ಕೆ ಉಪಯೋಗಿಸುತ್ತಾರೆ. ಇದೇ ತ್ವರಿತ ಕ್ರಮ. ಇಲ್ಲಿ ಗಮನಿಸಬೇಕಾದುದೇನೆಂದರೆ, ತಿಂಗಳುಗಳು ಕಡಿಮೆಯಾದವೇ ಹೊರತು ಕಲಿಯಬೇಕಾದುದು ಕಡಿಮೆಯಾಗಲಿಲ್ಲ. ಮನುಷ್ಯನ ಹೃದಯವಾಗಲಿ, ಮೂತ್ರಪಿಂಡವಾಗಲಿ, ಅವಸರದ ವಿದ್ಯಾರ್ಥಿನಿಗಾಗಿ ತನ್ನ ನಿಯಮವನ್ನು ಸರಳಗೊಳಿಸಿಕೊಳ್ಳುವುದಿಲ್ಲ. ಆದುದರಿಂದ ದಾರಿಯು ಎಷ್ಟು ತ್ವರಿತವೋ ಮುನ್ನಿನ ಸಿದ್ಧತೆಯು ಅಷ್ಟು ನಿಧಾನವಾಗಿಯೂ ದೃಢವಾಗಿಯೂ ನಡೆಯಬೇಕು.

ಇನ್ನು ಮೊದಲನೆಯ ಸಂದೇಹಕ್ಕೆ ಬರೋಣ. ಬಸವಾದಿ ಶರಣರು ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಪಂಚಸೂತಕಗಳನ್ನು ಅಲ್ಲಗಳೆದರು. ಲಿಂಗವನ್ನು ಧರಿಸಿದ ಅಂಗಕ್ಕೆ ಸೂತಕವಿಲ್ಲವೆಂದು ನಾವೆಲ್ಲರೂ ಮಠದಲ್ಲಿ ಕೇಳುತ್ತೇವೆ, ಸಭೆಗಳಲ್ಲಿ ಹೇಳುತ್ತೇವೆ. ಆಸ್ಪತ್ರೆಯ ದಾದಿಯ ಒಂದು ದಿನವನ್ನು ನೆನೆದುಕೊಳ್ಳಿರಿ. ಹೆರಿಗೆಯ ಕೋಣೆಯಲ್ಲಿ ರಕ್ತದ ನಡುವೆ ಶಿಶುವನ್ನು ಎತ್ತಿಕೊಳ್ಳುವವಳು ಅವಳು. ತುತ್ತು ನುಂಗಲಾರದ ಮುದುಕನ ಬಾಯನ್ನು ಒರೆಸಿ ಮತ್ತೊಂದು ತುತ್ತು ಕೊಡುವವಳು ಅವಳು. ಪ್ರಾಣ ಹೋದ ಮೇಲೆ ದೇಹವನ್ನು ತೊಳೆದು, ಕಣ್ಣು ಮುಚ್ಚಿಸಿ, ಬಂಧುಗಳು ನೋಡುವಂತೆ ಸಿದ್ಧಗೊಳಿಸುವವಳು ಅವಳು. ಬಿಳಿಯ, ಕರಿಯ, ಬಡವ, ಬಲ್ಲಿದ, ಸೆರೆಮನೆಯಿಂದ ಬಂದವನು, ಬೀದಿಯಿಂದ ಬಂದವನು ಎಂದು ಎಣಿಸದೆ ಮುಟ್ಟುವವಳು ಅವಳು. ಐದು ಸೂತಕಗಳನ್ನೂ ಅವಳು ಪ್ರತಿದಿನ ಎದುರಿಸುತ್ತಾಳೆ. ನಾವು ಬಾಯಿಂದ ನಿರಾಕರಿಸಿದುದನ್ನು ಅವಳು ಕೈಯಿಂದ ನಿರಾಕರಿಸುತ್ತಾಳೆ. ಹಾಗಿದ್ದಮೇಲೆ, ಸೂತಕವಿಲ್ಲವೆಂದು ನುಡಿಯುವ ಮನೆಯೇ ಮಲಮೂತ್ರದ ಹೆಸರು ಹೇಳಿ ಆಕೆಯನ್ನು ತಡೆದರೆ, ನಮ್ಮ ನುಡಿಗೂ ನಡೆಗೂ ಇರುವ ಅಂತರವು ಎಷ್ಟೆಂಬುದನ್ನು ನಾವೇ ಅಳೆದುಕೊಳ್ಳಬೇಕು.

ಶರಣರಲ್ಲಿ ವೈದ್ಯವೃತ್ತಿಯನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನಿದ್ದನು. ರೋಗ, ನಾಡಿ, ಔಷಧಗಳ ಭಾಷೆಯಲ್ಲಿಯೇ ಆತನು ಶಿವತತ್ತ್ವವನ್ನು ನಿರೂಪಿಸಿದನು. ಇಷ್ಟು ಓದಿದವಳು ಮತ್ತೆ ಮೊದಲಿನಿಂದ, ಇಪ್ಪತ್ತರ ಹುಡುಗಿಯರ ಪಕ್ಕದಲ್ಲಿ ಕುಳಿತು ಕಲಿಯುವುದೆ ಎಂದು ಸಂಕೋಚಪಡುವವರು ಮೋಳಿಗೆಯ ಮಾರಯ್ಯನನ್ನು ಸ್ಮರಿಸಬೇಕು. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ಮಾರಿ ಜೀವಿಸಿದನೆಂದು ಪರಂಪರೆಯು ಹೇಳುತ್ತದೆ. ಆತನ ಮಡದಿಯಾದ ಮಹಾದೇವಿಯಮ್ಮನು ಅದನ್ನು ಇಳಿತವೆಂದು ಬಗೆಯಲಿಲ್ಲ. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದು ಇರುವುದು ಇದಕ್ಕಾಗಿಯೇ. ತಾನು ಕಿರಿಯನೆಂದು ತಿಳಿದು ಸೇವೆಗೆ ನಿಲ್ಲುವವನೇ ಭೃತ್ಯಾಚಾರಿ.

ಎರಡನೆಯ ಸಂದೇಹವು ಸಿದ್ಧತೆಗೆ ಸಂಬಂಧಿಸಿದ್ದು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳೂ ಅಲ್ಲಿ ನಾಲ್ಕಾಗಿವೆ: ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ. ಅಂದರೆ ಉಪಚಾರದ ತಿಳಿವಳಿಕೆ, ಕೈಗಾರಿಕೆ, ಪ್ರೀತಿ, ಶುದ್ಧಿ. ಸಾವಿರಾರು ಮೈಲಿ ಆಚೆಯ ಕಾಲೇಜಿಗೆ ಸಿದ್ಧಳಾಗುವ ನಮ್ಮ ಮಗಳಿಗೂ ಈ ನಾಲ್ಕೇ ಸಾಕು.

ಮೊದಲನೆಯದು ಉಪಚಾರಜ್ಞತೆ. ನರ್ಸಿಂಗ್ ತರಗತಿಯು ತೊಡಗುವ ಮೊದಲೇ ಶರೀರರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ ಮೊದಲಾದ ಪಾಠಗಳನ್ನು ಮುಗಿಸಿರಬೇಕೆಂಬುದು ಸಾಮಾನ್ಯ ನಿಯಮ. ಅವು ಇಂತಿಷ್ಟೇ ವರ್ಷಗಳೊಳಗೆ ಓದಿದವಾಗಿರಬೇಕೆಂದು ಅನೇಕ ಕಾಲೇಜುಗಳು ವಿಧಿಸುತ್ತವೆ. ಹದಿನೈದು ವರ್ಷದ ಹಿಂದೆ ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಓದಿದುದನ್ನು ಅಲ್ಲಿ ಮತ್ತೆ ಓದಬೇಕಾಗಿ ಬಂದರೆ ಅದನ್ನು ಅವಮಾನವೆಂದು ಬಗೆಯಬಾರದು. ತ್ವರಿತ ಕ್ರಮದಲ್ಲಿ ಆ ಪುನಶ್ಚರಣೆಯೇ ಕೈಹಿಡಿಯುವುದು. ಇಲ್ಲಿಯ ಅಂಕಪಟ್ಟಿಗಳನ್ನು ಅಲ್ಲಿಯ ಸಂಸ್ಥೆಯೊಂದರಿಂದ ತುಲನೆ ಮಾಡಿಸಬೇಕಾಗುತ್ತದೆ. ನಮ್ಮ ವಿಶ್ವವಿದ್ಯಾನಿಲಯಗಳಿಂದ ಕಾಗದಪತ್ರಗಳು ಹೊರಡಲು ತಿಂಗಳುಗಳೇ ಹಿಡಿಯಬಹುದು. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಪಾಸ್‌ಪೋರ್ಟಿನಲ್ಲಿ ಗಂಡನ ಮನೆತನದ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ಈ ವ್ಯತ್ಯಾಸವನ್ನು ಮೊದಲೇ ಸರಿಪಡಿಸಿಕೊಳ್ಳುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಆ ಶಿಕ್ಷಣಕ್ರಮಕ್ಕೆ ಆಯಾ ರಾಜ್ಯದ ನರ್ಸಿಂಗ್ ಮಂಡಲಿಯ ಅನುಮೋದನೆಯಿದೆಯೆ ಎಂಬುದನ್ನು ನೋಡಬೇಕು. ಏಕೆಂದರೆ ಕಾಲೇಜು ಮುಗಿದ ಮೇಲೆ ಎನ್‌ಕ್ಲೆಕ್ಸ್ ಎಂಬ ಪರೀಕ್ಷೆಯನ್ನು ಗೆದ್ದವರಿಗೆ ಮಾತ್ರ ವೃತ್ತಿಯ ಪರವಾನಗಿ. 2023ರಲ್ಲಿ ಹೊಸ ರೂಪ ತಾಳಿದ ಆ ಪರೀಕ್ಷೆಯಲ್ಲಿ ಐದು ಗಂಟೆಗಳ ಮಿತಿಯೊಳಗೆ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳಿರುತ್ತವೆ. ಬಾಯಿಪಾಠವು ಅಲ್ಲಿ ನಿಲ್ಲದು. ರೋಗಿಯ ಸ್ಥಿತಿಯನ್ನು ಮುಂದಿಟ್ಟು, ಮೊದಲು ಏನು ಮಾಡುವೆ, ಏಕೆ ಎಂದು ಕೇಳುತ್ತಾರೆ.

ಎರಡನೆಯದು ದಾಕ್ಷ್ಯ. ಇದರಲ್ಲಿ ಲೆಕ್ಕವೇ ಪ್ರಧಾನ. ಒಂದು ಲೀಟರ್ ದ್ರಾವಣವನ್ನು ಎಂಟು ಗಂಟೆಗಳಲ್ಲಿ ನರದೊಳಗೆ ಹರಿಸಬೇಕೆಂದು ವೈದ್ಯರು ಬರೆದರೆ, ಗಂಟೆಗೆ 125 ಮಿಲಿಲೀಟರ್ ಹೋಗಬೇಕು. ಒಂದು ಮಿಲಿಲೀಟರಿಗೆ ಹದಿನೈದು ಹನಿ ಬೀಳುವ ನಳಿಕೆಯಾದರೆ ನಿಮಿಷಕ್ಕೆ 31 ಹನಿ. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಎಂಬ ಔಷಧವು 0.25 ಮಿಲಿಗ್ರಾಂ ಬೇಕಾಗಿದ್ದು ಮಾತ್ರೆಯು 0.125ರದ್ದಾಗಿದ್ದರೆ ಎರಡು ಮಾತ್ರೆ. ಇದು ಪ್ರಾಥಮಿಕ ಶಾಲೆಯ ಗಣಿತವೇ ಸರಿ. ಆದರೆ ಬಿಂದುವೊಂದು ಜಾರಿದರೆ ಪ್ರಾಣವೇ ಜಾರೀತು. ಅದಕ್ಕಾಗಿಯೇ ಬಿಂದುವಿನ ಹಿಂದೆ ಸೊನ್ನೆಯನ್ನು ತಪ್ಪದೆ ಬರೆಯಬೇಕು, ಪೂರ್ಣಾಂಕದ ಮುಂದೆ ಬಿಂದುವನ್ನೂ ಸೊನ್ನೆಯನ್ನೂ ಬರೆಯಲೇಬಾರದು ಎಂಬ ನಿಯಮವಿದೆ, 1.0 ಎಂಬುದನ್ನು ಹತ್ತೆಂದು ಓದುವ ಅಪಾಯವುಂಟಷ್ಟೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಕಾಲ ಎಂಬ ಐದನ್ನು ಪ್ರತಿಸಲವೂ ನೋಡಿಯೇ ಔಷಧ ಕೊಡಬೇಕೆಂದು ಅಲ್ಲಿ ಕಲಿಸುತ್ತಾರೆ. ತರಗತಿಗೆ ಎರಡು ಮೂರು ತಿಂಗಳು ಮೊದಲೇ ದಿನಕ್ಕೆ ಹತ್ತು ಲೆಕ್ಕಗಳಂತೆ ಮಾಡುತ್ತ ಬಂದರೆ ಕೈ ಕುದುರುತ್ತದೆ. ನಿಂತ ಹೃದಯವನ್ನು ಎಬ್ಬಿಸುವ ಪ್ರಥಮೋಪಚಾರದ ಪ್ರಮಾಣಪತ್ರವನ್ನೂ ಕಾಲೇಜಿನವರು ಸಾಮಾನ್ಯವಾಗಿ ಮೊದಲೇ ಕೇಳುತ್ತಾರೆ. ವಯಸ್ಕನ ಎದೆಯನ್ನು ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ತೋಳಿನಿಂದ ಬರತಕ್ಕದ್ದು.

ಮೂರನೆಯದು ಶೌಚ. ಸೂತಕವಿಲ್ಲವೆಂದ ಮಾತ್ರಕ್ಕೆ ಶುದ್ಧಿಯೂ ಬೇಡವೆಂದು ಯಾರೂ ತಿಳಿಯಬಾರದು. ಸೂತಕವು ಮನುಷ್ಯನನ್ನು ದೂರವಿಡುತ್ತದೆ, ಶುದ್ಧಿಯು ರೋಗವನ್ನು ದೂರವಿಡುತ್ತದೆ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆಯ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಶವಪರೀಕ್ಷೆ ಮಾಡಿ ಬಂದ ವೈದ್ಯರ ಕೈಗಳಿಂದಲೇ ಬಾಣಂತಿಯರಿಗೆ ಜ್ವರವು ತಗಲುತ್ತಿದೆಯೆಂದು ಕಂಡು, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈತೊಳೆಯುವ ನಿಯಮವನ್ನು ತಂದನು. ಸಾವುಗಳು ಬಹಳ ಮಟ್ಟಿಗೆ ಇಳಿದವು. ಆದರೂ ತಮ್ಮ ಕೈ ಅಶುದ್ಧವೆಂಬುದನ್ನು ಒಪ್ಪಲು ಅನೇಕ ವೈದ್ಯರು ಸಿದ್ಧರಿರಲಿಲ್ಲ. ಕುಲದ ಅಭಿಮಾನದಂತೆ ವೃತ್ತಿಯ ಅಭಿಮಾನವೂ ಕಣ್ಣು ಕಟ್ಟುತ್ತದೆ ಎಂಬುದಕ್ಕೆ ಇದು ದೃಷ್ಟಾಂತ. ದಾದಿಯು ಹಾಕಿಕೊಳ್ಳುವ ಕೈಗವಸು ರೋಗಾಣುವಿನ ಸಲುವಾಗಿಯೇ ಹೊರತು ರೋಗಿಯ ಸಲುವಾಗಿ ಅಲ್ಲ ಎಂಬುದನ್ನು ನಮ್ಮ ಮಗಳು ಮರೆಯಬಾರದು.

ತನ್ನ ದೇಹವನ್ನೂ ಆಕೆ ಸಿದ್ಧಗೊಳಿಸಬೇಕು. ಯಕೃತ್ತಿನ ಸೋಂಕಾದ ಹೆಪಟೈಟಿಸ್ ‘ಬಿ’ಯ ಲಸಿಕೆಯು ಸಾಮಾನ್ಯ ಕ್ರಮದಲ್ಲಿ ಮೂರು ಸಲ, ಆರು ತಿಂಗಳ ಅವಧಿಯಲ್ಲಿ ಕೊಡತಕ್ಕದ್ದು, ಪ್ರವೇಶದ ಪತ್ರ ಬಂದ ಮೇಲೆ ತೊಡಗಿದರೆ ಕಾಲ ಸಾಲದು. ದಡಾರ, ಸೀತಾಳೆಸಿಡುಬುಗಳಿಗೂ ಲಸಿಕೆಯ ದಾಖಲೆ ಬೇಕು. ನಮ್ಮಲ್ಲಿ ಶೈಶವದಲ್ಲಿ ಬಿ.ಸಿ.ಜಿ. ಚುಚ್ಚಿಸಿಕೊಂಡವರಿಗೆ ಕ್ಷಯದ ಚರ್ಮಪರೀಕ್ಷೆಯಲ್ಲಿ ರೋಗವಿಲ್ಲದಿದ್ದರೂ ಬಾವು ಕಾಣಬಹುದು. ಆಗ ಗಾಬರಿಯಾಗದೆ, ಬಿ.ಸಿ.ಜಿ. ಆಗಿರುವುದನ್ನು ತಿಳಿಸಿ, ಅದಕ್ಕಾಗಿಯೇ ಇರುವ ರಕ್ತಪರೀಕ್ಷೆಯನ್ನು ಮಾಡಿಸುವಂತೆ ಕೇಳಿಕೊಳ್ಳಬೇಕು.

ಇಷ್ಟಲಿಂಗದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಉಚಿತ. ಕೊರಳಿನಲ್ಲಿ ತೂಗಾಡುವ ಯಾವ ವಸ್ತುವೂ ರೋಗಿಯ ಮೈಗೆ ತಾಕಬಾರದು, ರೋಗಿಯ ಕೈಗೆ ಸಿಕ್ಕಬಾರದು ಎಂಬುದು ಆಸ್ಪತ್ರೆಯ ನಿಯಮ. ಅದು ನಮ್ಮ ಧರ್ಮದ ಮೇಲಿನ ದ್ವೇಷವಲ್ಲ. ಕರಡಿಗೆಯನ್ನು ಹೊರಗೆ ತೂಗಬಿಡದೆ, ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ, ಒಳಉಡುಪಿನಲ್ಲಿ ಎದೆಗೆ ಒತ್ತಿಕೊಂಡಿರುವಂತೆ ಧರಿಸಬಹುದು. ಇದನ್ನು ಗುಟ್ಟಾಗಿಡದೆ, ತರಗತಿ ತೊಡಗುವ ಮೊದಲೇ ಶಿಕ್ಷಕಿಯರಿಗೆ ವಿನಯದಿಂದ ವಿವರಿಸಿ ಒಪ್ಪಿಗೆ ಪಡೆಯತಕ್ಕದ್ದು. ಬೆಳಗ್ಗೆ ಆರೂವರೆಗೆ ಆಸ್ಪತ್ರೆಯಲ್ಲಿರಬೇಕಾದ ದಿನ ನಾಲ್ಕೂವರೆಗೆ ಎದ್ದು ಸಂಕ್ಷೇಪವಾಗಿ ಪೂಜೆ ಮಾಡಿದರೆ ಲೋಪವೇನೂ ಇಲ್ಲ. ಹುಲ್ಲು ಕೊಯ್ಯುವಾಗ ಲಿಂಗವು ಜಾರಿಬಿದ್ದರೂ ಕಾಯಕವನ್ನು ನಿಲ್ಲಿಸದ ನುಲಿಯ ಚಂದಯ್ಯನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಆತನನ್ನು ಲಿಂಗವೇ ಹಿಂಬಾಲಿಸಿತೆಂದು ಪರಂಪರೆಯು ನುಡಿಯುತ್ತದೆ.

ಶೌಚದಲ್ಲಿ ಅಂತರಂಗದ ಶೌಚವೇ ಹಿರಿದು. ಔಷಧ ಕೊಡುವಲ್ಲಿ ತಪ್ಪಾದರೆ ಆ ಕ್ಷಣವೇ ಮೇಲಿನವರಿಗೆ ತಿಳಿಸಬೇಕು. ಮುಚ್ಚಿಟ್ಟ ತಪ್ಪು ರೋಗಿಯನ್ನು ಕೊಲ್ಲಬಹುದು. ತಿಳಿಸಿದ ತಪ್ಪಿಗೆ ಬಹುಶಃ ಪರಿಹಾರವಿರುತ್ತದೆ. ಸತ್ಯಶುದ್ಧ ಕಾಯಕವೆಂದರೆ ಇದೇ.

ನಾಲ್ಕನೆಯದು ಅನುರಾಗ. ಇದನ್ನು ಯಾವ ಪ್ರವೇಶಪರೀಕ್ಷೆಯೂ ಅಳೆಯಲಾರದು. ಸಂಬಳವನ್ನು ನೋಡಿ ಈ ವಿದ್ಯೆಗೆ ಬರುವುದು ತಪ್ಪಲ್ಲ. ಗೃಹಸ್ಥರಿಗೆ ಧನವು ಬೇಕೇ ಬೇಕು. ಆದರೆ ಸಂಬಳವೊಂದನ್ನೇ ನೋಡಿ ಬಂದವರಿಗೆ ರಾತ್ರಿಯ ಮೂರು ಗಂಟೆಗೆ ಐದನೆಯ ಸಲ ಗಂಟೆ ಬಾರಿಸುವ ರೋಗಿಯು ವೈರಿಯಂತೆ ಕಾಣುತ್ತಾನೆ. ಅವನು ನೀರು ಕೇಳಲು ಕರೆಯುತ್ತಿಲ್ಲ, ಭಯದಿಂದ ಕರೆಯುತ್ತಿದ್ದಾನೆ ಎಂದು ತಿಳಿಯಲು ಕೇಳುವ ಇಚ್ಛೆ ಬೇಕು. ಶುಶ್ರೂಷೆಯ ಮೂಲಾರ್ಥವು ಇಲ್ಲಿಯೇ ಪರೀಕ್ಷೆಗೆ ನಿಲ್ಲುವುದು. ಅವನು ಏಸುವನ್ನು ನೆನೆಯಲಿ, ಅಲ್ಲಾಹನನ್ನು ನೆನೆಯಲಿ, ಯಾರನ್ನೂ ನೆನೆಯದಿರಲಿ, ನಮ್ಮ ಮಗಳು ಅವನಿಗೆ ಉಪದೇಶ ಮಾಡಬಾರದು. ಅವನ ಕೈ ಹಿಡಿದು ಕೂಡಬೇಕು. ಅವನ ರೋಗದ ಸಂಗತಿಯನ್ನು ಹೊರಗೆ ಆಡಬಾರದು. 1996ರ ಹಿಪಾ ಎಂಬ ಶಾಸನದ ಆಧಾರದ ಮೇಲೆ ಅಲ್ಲಿ ರೋಗಿಯ ಗೌಪ್ಯಕ್ಕೆ ಕಾನೂನಿನ ರಕ್ಷಣೆಯಿದೆ. ಅದಿಲ್ಲದಿದ್ದರೂ, ಒಬ್ಬರ ಸಂಕಟವು ಮತ್ತೊಬ್ಬರ ಮನೆಯ ಹರಟೆಯಾಗಬಾರದೆಂಬುದು ಶರಣಧರ್ಮ.

ಇಷ್ಟು ಹೊತ್ತು ಮಗಳಿಗೆ ಹೇಳಿದುದಾಯಿತು. ಈಗ ಗೃಹಸ್ಥರಾದ ತಮಗೆ ಹೇಳತಕ್ಕ ಮಾತೊಂದಿದೆ. ತ್ವರಿತ ಶಿಕ್ಷಣಕ್ಕೆ ಒಬ್ಬಳೇ ಸಿದ್ಧಳಾದರೆ ಸಾಲದು, ಮನೆಯೇ ಸಿದ್ಧವಾಗಬೇಕು. ಹದಿನೆಂಟು ತಿಂಗಳ ಕಾಲ ಅಡುಗೆ, ಬಟ್ಟೆ, ಮಕ್ಕಳ ಶಾಲೆ, ಲೆಕ್ಕಪತ್ರ ಇವನ್ನು ಪತಿಯು ತನ್ನ ದಾಸೋಹವೆಂದು ಹೊರಬೇಕು. ‘ಸಹಾಯ ಮಾಡುತ್ತೇನೆ’ ಎಂಬ ಮಾತೂ ಸಲ್ಲದು. ಮನೆಯು ಇಬ್ಬರದೂ ಅಷ್ಟೆ. ಓದಿನ ಅವಧಿಯಲ್ಲಿ ಆಕೆಯು ಪೂರ್ಣಕಾಲ ದುಡಿಯುವುದು ಬಹುತೇಕ ಅಸಾಧ್ಯವಾದುದರಿಂದ ಖರ್ಚಿನ ಹಣವನ್ನು ಮೊದಲೇ ಕೂಡಿಟ್ಟಿರಬೇಕು. ಊರಿನಲ್ಲಿರುವ ಅತ್ತೆಮಾವಂದಿರು ಸಮಯವನ್ನು ಗಮನಿಸಬೇಕು. ನಮ್ಮಲ್ಲಿ ಬೆಳಗಿನ 9 ಗಂಟೆಯಾದಾಗ ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿಯ ಹತ್ತೂವರೆಯೋ ಹನ್ನೊಂದೂವರೆಯೋ ಆಗಿರುತ್ತದೆ; ನಾಲ್ಕೂವರೆಗೆ ಏಳಬೇಕಾದವಳನ್ನು ಆಗ ಕರೆದು ಮಾತನಾಡಿಸುವುದು ವಾತ್ಸಲ್ಯವಲ್ಲ. ಜಾತ್ರೆ, ಮದುವೆ, ನಾಮಕರಣಗಳಿಗೆ ಬರಲಿಲ್ಲವೆಂದು ದೂರಬಾರದು. ಕೂಸುಗಳನ್ನು ನೋಡಿಕೊಳ್ಳಲು ಅತ್ತೆಯವರು ಕೆಲವು ತಿಂಗಳು ಹೋಗಿ ಇರಬಲ್ಲರಾದರೆ, ಆ ಅತ್ತೆಯೂ ಆ ರೋಗಿಗಳ ಶುಶ್ರೂಷೆಯಲ್ಲಿ ಪಾಲುಗೊಂಡಂತೆಯೇ.

ಕಡೆಯದಾಗಿ ಒಂದು ಎಚ್ಚರಿಕೆ. ಮನೆಯಲ್ಲಿ ಹಸುಗೂಸಿದ್ದು, ಆಸರೆಯಿಲ್ಲದೆ, ಹಣದ ಅಡಚಣೆಯೂ ಇದ್ದರೆ ತ್ವರಿತ ಕ್ರಮಕ್ಕೆ ಹಾರಬೇಕಾಗಿಲ್ಲ. ಅದೇ ವಿದ್ಯೆಗೆ ಎರಡು ವರ್ಷದ ಸಾಧಾರಣ ದಾರಿಯೂ ಇದೆ. ಕೆಲವು ಕಡೆ ಸಂಜೆಯ ತರಗತಿಗಳೂ ಇವೆ. ಪರವಾನಗಿಯ ಪರೀಕ್ಷೆಯು ಎರಡು ದಾರಿಯವರಿಗೂ ಒಂದೇ. ರೋಗಿಯು ತನ್ನ ದಾದಿಯನ್ನು ನೀನು ಎಷ್ಟು ತಿಂಗಳಲ್ಲಿ ಓದಿದೆಯೆಂದು ಕೇಳುವುದಿಲ್ಲ. ತನ್ನ ನೋವು ಅವಳ ಕಿವಿಗೆ ಬಿದ್ದಿತೆ ಎಂಬುದಷ್ಟೇ ಅವನಿಗೆ ಬೇಕು. ತನ್ನ ಶಕ್ತಿಯನ್ನು ಅಳೆದುಕೊಂಡು ನಿಧಾನದ ದಾರಿಯನ್ನು ಹಿಡಿದವಳು ಹಿಂದುಳಿದವಳಲ್ಲ, ವಿವೇಕಿ.

ಆದುದರಿಂದ ಬಂಧುಗಳೆ, ನಿಮ್ಮ ಮನೆಯ ಮಗಳು ಈ ಕಾಯಕವನ್ನು ಬಯಸಿ ನಿಮ್ಮ ಅಪ್ಪಣೆಯನ್ನು ಕೇಳಿದರೆ, ಮನೆತನದ ಮಾನವನ್ನು ತೂಗುತ್ತ ಕೂಡಬೇಡಿರಿ. ಅವಳ ಸಿದ್ಧತೆಯನ್ನು ವಿಚಾರಿಸಿರಿ, ನಿಮ್ಮ ಸಿದ್ಧತೆಯನ್ನು ತಿಳಿಸಿರಿ, ವಿಭೂತಿಯನ್ನಿಟ್ಟು ಹರಸಿರಿ. ಯಾವ ದೇಶದ ಯಾವ ಹಾಸಿಗೆಯಲ್ಲಿ ಮಲಗಿ ನರಳುವವನೂ ಶಿವನ ಮನೆಯವನೇ. ಅವನ ಕೂಗನ್ನು ಕೇಳುವ ಕಿವಿಯನ್ನು, ಅವನನ್ನು ಹೇಸದೆ ಮುಟ್ಟುವ ಕೈಯನ್ನು ಪರಶಿವನು ನಮ್ಮ ಮಕ್ಕಳಿಗೆ ಕರುಣಿಸಲಿ.